ಹೂ ಮಳೆಗೂ ಕಾಫಿ ಬೆಳೆಗೂ ಸಂಬಂಧವೇ ಇಲ್ಲ ಅಂದಿತು ಎಕ್ಸೆಲ್

ನಮ್ಮದು ಸಕಲೇಶಪುರದ ಕಡೆ ಸಣ್ಣ ರೋಬಸ್ಟಾ ಕಾಫಿ ತೋಟ. ಅಪ್ಪ ಮಳೆ ಪುಸ್ತಕ ಇಟ್ಟಿದ್ದಾರೆ, ನಮ್ಮ ಕಡೆ ತೋಟದವರು ಬರೆಯುವ ಹಾಗೆ ಇಂಚು-ಸೆಂಟ್ ಲೆಕ್ಕದಲ್ಲಿ (ನೂರು ಸೆಂಟ್ ಅಂದರೆ ಒಂದಿಂಚು). ಫೆಬ್ರವರಿ-ಮಾರ್ಚ್‌ನಲ್ಲಿ ಒಂದಿಂಚು ಹೂ ಮಳೆ, ಅಂದರೆ ಮೊಗ್ಗು ಅರಳಿಸುವ ಮಳೆ, ಬಿದ್ದರೆ ಬೆಳೆ, ಇಲ್ಲದಿದ್ದರೆ ಇಲ್ಲ ಅಂತ ಚಿಕ್ಕಂದಿನಿಂದ ಕೇಳಿದ ಮಾತು. ಅದನ್ನೇ ಅಂಕಿಯಲ್ಲಿ ನೋಡೋಣ ಅಂತ 22 ವರ್ಷದ ಲೆಕ್ಕ ಎಕ್ಸೆಲ್‌ಗೆ ಹಾಕಿದೆ. ಒಂದು ಕಾಲಂ ಹೂ ಮಳೆ, ಪಕ್ಕದ ಕಾಲಂ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಮೂಟೆ.

ಮೊದಲ ಎಡವಟ್ಟು ಅಲ್ಲೇ ಆಯಿತು. ಮಾರ್ಚ್‌ನ ಹೂವು ಕುಯ್ಲಿಗೆ ಬರುವುದು ಮುಂದಿನ ಜನವರಿ ಹೊತ್ತಿಗೆ, ನಾನು ಎರಡನ್ನೂ ಒಂದೇ ಇಸವಿಯ ಸಾಲಿನಲ್ಲಿ ಕೂರಿಸಿದ್ದೆ. ಸರಿಪಡಿಸಿ ಕೋರಿಲೇಷನ್ ತೆಗೆದರೆ 0.08. ಎರಡು ಕಾಲಂ ಎಷ್ಟು ಜೊತೆಜೊತೆಗೆ ಏರಿಳಿಯುತ್ತವೆ ಅಂತ ಹೇಳುವ ಅಂಕಿ ಇದು, ಪೂರ್ತಿ ಜೊತೆಗೆ ಏರಿದರೆ 1, ಸಂಬಂಧವೇ ಇಲ್ಲದಿದ್ದರೆ 0. ಅಂದರೆ ಹೆಚ್ಚುಕಡಿಮೆ ಸೊನ್ನೆ. ಅಪ್ಪನಿಗೆ ತೋರಿಸಿ ಸ್ವಲ್ಪ ಜಂಬವನ್ನೂ ಕೊಚ್ಚಿಕೊಂಡೆ. ಅವರು ಸುಮ್ನೆ ನಕ್ಕರು.

ಆಮೇಲೆ ಚಾರ್ಟ್ ಹಾಕಿದೆ. ಲೈನ್ ಚಾರ್ಟ್ ಅಲ್ಲ, ಸ್ಕ್ಯಾಟರ್: ಅಡ್ಡಕ್ಕೆ ಮಳೆ, ಉದ್ದಕ್ಕೆ ಮೂಟೆ, ಒಂದು ವರ್ಷಕ್ಕೆ ಒಂದು ಚುಕ್ಕಿ. ಎಡಗಡೆ, ಅಂದರೆ ಮಳೆ ಕಡಿಮೆ ಇದ್ದ ಕಡೆ, ಚುಕ್ಕಿಗಳು ಎರಡು ಗುಂಪಾಗಿ ನಿಂತಿದ್ದವು, ಒಂದು ಕೆಳಗೆ, ಒಂದು ಮೇಲೆ. ಮೇಲಿನ 7 ಚುಕ್ಕಿಗಳ ಇಸವಿ ನೋಡಿದರೆ ಎಲ್ಲವೂ ಸ್ಪ್ರಿಂಕ್ಲರ್ ಹಾಕಿದ ವರ್ಷಗಳು! ಆಕಾಶ ಕೊಡದಿದ್ದ ಮಳೆಯನ್ನು ನಾವೇ ಕೆರೆಯಿಂದ ಕೊಟ್ಟಿದ್ದೆವು, ಪುಸ್ತಕದಲ್ಲಿ ಮಾತ್ರ ಅದು ಸೊನ್ನೆ ಸೆಂಟ್. ಅವುಗಳಿಗೆ ಬೇರೆ ಬಣ್ಣ ಕೊಟ್ಟು, ಉಳಿದ 15 ವರ್ಷಕ್ಕೆ ಮಾತ್ರ ಲೆಕ್ಕ ಮಾಡಿದೆ. 0.6 ಬಂತು.

ಗೆದ್ದೆ ಅಂದುಕೊಂಡೆ, ಆದರೆ ಎಡ ಮೂಲೆಯಲ್ಲಿ ಕೆಳಗೆ ಒಂಟಿ ಚುಕ್ಕಿ ಒಂದಿತ್ತು. ಮಳೆಯೂ ಇಲ್ಲ, ಕೆರೆಯಲ್ಲಿ ನೀರೂ ಇಲ್ಲದ ವರ್ಷ. ಅದೊಂದನ್ನು ತೆಗೆದರೆ 0.6 ಹೋಗಿ 0.3 ಆಯಿತು. ಬರೀ ಅಂಕಿ ನಂಬಬೇಡಿ, ಚಾರ್ಟ್ ನೋಡಿ ಅಂತ 1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೋಂಬ್ ಇದನ್ನೇ ತೋರಿಸಿದ್ದರು. ಅವರು ಮಾಡಿಟ್ಟ ನಾಲ್ಕು ಪಟ್ಟಿಗಳಲ್ಲೂ 11 ಜೋಡಿ ಅಂಕಿ, ನಾಲ್ಕಕ್ಕೂ ಕೋರಿಲೇಷನ್ ಸುಮಾರು 0.816, ಚಾರ್ಟ್ ಹಾಕಿದರೆ ಮಾತ್ರ ಒಂದು ಚದುರಿದ ಗೆರೆ, ಒಂದು ಬಿಲ್ಲು, ಇನ್ನೊಂದರಲ್ಲಿ ಹತ್ತು ಚುಕ್ಕಿ ನೆಟ್ಟಗೆ ಒಂದೇ ಕಂಬದಲ್ಲಿ ನಿಂತು ಹನ್ನೊಂದನೆಯದು ದೂರದಲ್ಲಿ. ಓದಿದಾಗ ಆಟ ಅನ್ನಿಸಿತ್ತು. ನನ್ನ ತೋಟದಲ್ಲೇ ನೋಡಿದಾಗ ಅರ್ಥವಾಯಿತು.

ಇನ್ನೊಂದು ವಿಷಯ, ಬಲಗಡೆ ಚುಕ್ಕಿಗಳು ಮೇಲೇರದೆ ಮಟ್ಟಸವಾಗಿಬಿಡುತ್ತವೆ. ಒಂದಿಂಚು ಸಾಕಾದ ಗಿಡಕ್ಕೆ ಎರಡಿಂಚು ಸುರಿದರೆ ಡಬಲ್ ಬೆಳೆ ಕೊಡುತ್ತಾ? ಈ ಕೋರಿಲೇಷನ್ ನೋಡುವುದು ಚುಕ್ಕಿಗಳು ನೇರ ಗೆರೆಗೆ ಎಷ್ಟು ಹತ್ತಿರ ಅನ್ನುವುದನ್ನಷ್ಟೇ, ಬಾಗಿದ ಸಂಬಂಧ ಅದರ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ಅದೂ ಅಲ್ಲದೆ 15 ಚುಕ್ಕಿ ತೀರಾ ಕಡಿಮೆ, ಒಂದು ವರ್ಷ ಜಾಸ್ತಿ ಬಿಟ್ಟ ಗಿಡ ಮರುವರ್ಷ ಸುಸ್ತಾಗುವುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಪ್ರಿಂಟ್ ತೆಗೆದು ಅಪ್ಪನ ಮುಂದಿಟ್ಟೆ. ಒಳ್ಳೆ ಮಳೆ ಆಗಿಯೂ ಕೆಳಗೆ ಬಿದ್ದ ಒಂದು ಚುಕ್ಕಿ ಮೇಲೆ ಬೆರಳಿಟ್ಟು, "ಇದು ಹೂವು ಅರಳಿದ ದಿನವೇ ಮಳೆ ಹೊಡೆದ ವರ್ಷ ಕಣೋ, ಕಾಯಿ ಕಚ್ಚಲೇ ಇಲ್ಲ" ಅಂದರು. ಮಳೆ ಬಿದ್ದ ತಾರೀಖು ಪುಸ್ತಕದಲ್ಲಿತ್ತು, ಹೂವು ಅರಳಿದ ತಾರೀಖು ಇರಲಿಲ್ಲ. ಈ ವರ್ಷದಿಂದ ಅದಕ್ಕೂ ಒಂದು ಕಾಲಂ ಹಾಕಿದ್ದೇನೆ.