ಪಂಚಗಂಗೆ ದಾಟಿದ ಮಾಲೇ ಸ್ಟಾಕು

ಪುಣೆ ಬಳಿಯ ಭೋಸರಿಯ ನಮ್ಮ ಮಷಿನ್ ಶಾಪಿಗೆ ಎರಕದ ಬ್ರ್ಯಾಕೆಟ್ ಬರುವುದು ಬೆಳಗಾವಿ ಉದ್ಯಮಬಾಗದ ಫೌಂಡ್ರಿಯಿಂದ. ಸುಮಾರು 340 ಕಿ.ಮೀ., ಒಂದು ರಾತ್ರಿಯ ದಾರಿ. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಕೊಲ್ಹಾಪುರದ ಶಿರೋಳಿ ಬಳಿ ಪಂಚಗಂಗೆ ನದಿ ಹೆದ್ದಾರಿ ಮೇಲೆ ಹರಿದು ಲಾರಿಗಳು ದಿನಗಟ್ಟಲೆ ನಿಂತವು. ಅಂಥ ಹೊತ್ತಲ್ಲಿ ಬೆಳಗಾವಿ ಗೋಡೌನಿನಲ್ಲಿ ಎಷ್ಟು ಮಾಲಿದ್ದರೂ ನನ್ನ ಲೆಕ್ಕದಲ್ಲಿ ಸೊನ್ನೆ. ಹಾಗಾಗಿ ಮಳೆಗಾಲದ ಸ್ಟಾಕನ್ನು ಜೂನ್ 15ರೊಳಗೆ ನದಿ ದಾಟಿಸಿ ಪುಣೆಯಲ್ಲೇ ಇಡುತ್ತೇನೆ.

ಎಷ್ಟು ಇಡಬೇಕು? ದಿನಕ್ಕೆ ಸರಾಸರಿ 120 ಪೀಸು ಬೇಕು, ಹೆಚ್ಚೆಂದರೆ 150. ಆರ್ಡರ್ ಕೊಟ್ಟ ಮೇಲೆ ಮಾಲು ಬರಲು 12 ದಿನ, ತಡವಾದರೆ 18. ಎರಡೂ ಕೆಟ್ಟರೆ ಬೇಕಾಗುವುದು 150×18, ಅಂದರೆ 2,700. ಅದರಲ್ಲಿ ಮಾಮೂಲಿಯಾಗಿ ಬೇಕಾಗುವ 120×12, ಅಂದರೆ 1,440 ಕಳೆದರೆ ಮಳೆಗಾಲಕ್ಕೆ ಹೆಚ್ಚುವರಿ ಇಡಬೇಕಾದದ್ದು 1,260 ಪೀಸು. ಪೀಸಿಗೆ 4.2 ಕೆ.ಜಿ.ಯಂತೆ ಸುಮಾರು 5.3 ಟನ್. ಜಾಲಿ ಬಿನ್ನಿಗೆ (ತಂತಿಬಲೆಯ ಪೆಟ್ಟಿಗೆ) 200ರಂತೆ ಏಳು ಬಿನ್ನು. ಕೈಯಲ್ಲಿರುವುದು, ದಾರಿಯಲ್ಲಿರುವುದು ಸೇರಿ 2,700ಕ್ಕೆ ಇಳಿದ ದಿನವೇ ಮುಂದಿನ ಆರ್ಡರ್.

ಈ ಸ್ಟಾಕನ್ನು ಮಷಿನಿಂಗ್ (ಕೊರೆದು, ಕಡೆದು ಅಳತೆಗೆ ತರುವುದು) ಮಾಡಿ ಇಡಬಾರದು. ಬೀಡುಕಬ್ಬಿಣದಲ್ಲಿ ಹೊಸದಾಗಿ ಕೊರೆದ ಬೋರ್‌ಗೆ ಎಣ್ಣೆ ಹಚ್ಚದಿದ್ದರೆ ಮಳೆಗಾಲದಲ್ಲಿ ಒಂದೇ ರಾತ್ರಿಗೆ ಕಂದು ತಿರುಗುತ್ತದೆ. ಆದರೆ ಹಸಿ ಎರಕದ ಹೊಟ್ಟೆಯೊಳಗಿನ ಬ್ಲೋ ಹೋಲ್ (ಗಾಳಿ ಸಿಕ್ಕಿ ಆದ ಪೊಳ್ಳು) ಕೊರೆಯದೆ ಕಾಣುವುದಿಲ್ಲ. ಅದಕ್ಕೇ ಪ್ರತಿ ಹೀಟ್ ನಂಬರಿನ (ಒಮ್ಮೆ ಕರಗಿಸಿದ ಲೋಹದ ಗುರುತು) 20 ಪೀಸನ್ನು ಮಾಲು ಇಳಿದ ದಿನವೇ ಕೊರೆದು ನೋಡುತ್ತೇವೆ. ಇದೊಂದನ್ನು ಮಾಡದೆ ಬಿಟ್ಟರೆ ನೆರೆಯ ನಡುವೆ ಬಿನ್ನು ತೆರೆದಾಗ ಸಿಗುವುದು ರಿಜೆಕ್ಷನ್ ಮಾಲು.

ಜುಲೈ ಬಂತೆಂದರೆ ಪಂಚಗಂಗೆಯ ಮೇಲಿನ ರಾಜಾರಾಮ್ ಬಂಧಾರದ (ಒಡ್ಡು) ನೀರಿನ ಮಟ್ಟವನ್ನು ದಿನವೂ ನೋಡುತ್ತೇನೆ. ಎಚ್ಚರಿಕೆಯ ಮಟ್ಟ 39 ಅಡಿ: ತಯಾರಿರುವುದನ್ನೆಲ್ಲ ಆ ರಾತ್ರಿಯೇ ಲೋಡ್ ಮಾಡಿಸುತ್ತೇನೆ. ಅಪಾಯದ ಮಟ್ಟ 43: ಆಮೇಲೆ ಗಾಡಿ ಬಿಡಬೇಡಿ ಎನ್ನುತ್ತೇನೆ. ಆಗಲೇ ಹೊರಟ ಗಾಡಿ ವಿಜಯಪುರ, ಸೊಲ್ಲಾಪುರದ ಮೇಲೆ ಸುತ್ತಿ ಬಂದರೆ 550 ಕಿ.ಮೀ. ದಾಟುತ್ತದೆ. 200 ಕಿ.ಮೀ.ಗೆ ಒಂದು ದಿನದ ಲೆಕ್ಕದಲ್ಲಿ ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಪತ್ರ) ಎರಡೇ ದಿನಕ್ಕೆ ಸಿಕ್ಕಿರುತ್ತದೆ. ಪೋರ್ಟಲ್ ತೋರಿಸುವ ದೂರಕ್ಕೆ ಶೇ. 10ಕ್ಕಿಂತ ಹೆಚ್ಚು ಸೇರಿಸಲು ಬರುವುದಿಲ್ಲ. ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ 8 ಗಂಟೆ ನಂತರದವರೆಗೆ ಮಾತ್ರ ವಿಸ್ತರಿಸಬಹುದು. ಡ್ರೈವರ್ ನಿದ್ದೆಯಲ್ಲಿರುವ ಹೊತ್ತು ಅದು, ಅಲಾರಂ ನಾನೇ ಇಟ್ಟುಕೊಳ್ಳುತ್ತೇನೆ.

“ಮಾಲು ರೆಡಿ ಅದರೀ ಸಾಹೇಬ್ರ” ಅಂತ ಫೌಂಡ್ರಿಯವರು ಅಂದರೆ ನನಗೆ ಸಾಲದು. ಎರಕ ಹೊಯ್ದದ್ದೂ ಅವರಿಗೆ ರೆಡಿಯೇ, ಫೆಟ್ಲಿಂಗ್ (ಎರಕದ ಅಂಚು, ಮರಳು ತೆಗೆದು ಚೊಕ್ಕ ಮಾಡುವುದು) ಇನ್ನೂ ಬಾಕಿ. ದಿನಾ ಬೆಳಿಗ್ಗೆ ಹತ್ತಕ್ಕೆ ವಾಟ್ಸಾಪಿನಲ್ಲಿ ಮೂರು ಅಂಕಿ ಬೇಕು: ಹೊಯ್ದದ್ದು, ಫೆಟ್ಲಿಂಗ್ ಆದದ್ದು, ಲಾರಿ ಹತ್ತಿದ್ದು.

ಅಕ್ಟೋಬರಿನಲ್ಲಿ ಆ 1,260 ಪೀಸನ್ನು ಬಳಸಿ ಮುಗಿಸುವಾಗ ಆರ್ಡರ್ ಇಳಿಯುತ್ತದೆ. ಅದನ್ನು ಮೇ ತಿಂಗಳಲ್ಲೇ, ಹೆಚ್ಚುವರಿ ಆರ್ಡರ್ ಕೊಡುವಾಗಲೇ ಅಂಕಿ ಸಮೇತ ಫೌಂಡ್ರಿಗೆ ಬರೆದುಕೊಡುತ್ತೇನೆ. ಹೇಳದಿದ್ದರೆ ಬೇಡಿಕೆ ಏರಿತೆಂದು ಅವರು ಪಿಗ್ ಐರನ್ (ಎರಕಕ್ಕೆ ಬೇಕಾದ ಕಚ್ಚಾ ಕಬ್ಬಿಣ) ತುಂಬಿಕೊಳ್ಳುತ್ತಾರೆ. ಆರ್ಡರ್ ಇಳಿದಾಗ ನಮ್ಮ ಪ್ಯಾಟರ್ನ್ (ಅಚ್ಚು ತೆಗೆಯುವ ಮಾದರಿ) ಕೆಳಗಿಟ್ಟು ಇನ್ನೊಬ್ಬರ ಕೆಲಸ ಹಿಡಿಯುತ್ತಾರೆ. ಅದನ್ನು ಮತ್ತೆ ಲೈನಿಗೆ ಹತ್ತಿಸಲು ಎರಡು ವಾರ ಕಾಯಬೇಕು.