ಅಪ್ಪನ ಹೊಟ್ಟೆಗೆ ಎಣ್ಣೆ ನೀವುತ್ತಾ

ಪಾರ್ಕಿನ್ಸನ್ ಅಂದರೆ ಕೈ ನಡುಗುವ ಕಾಯಿಲೆ ಅಂತಲೇ ಹೆಚ್ಚಿನವರು ತಿಳಿದಿರುತ್ತಾರೆ. ನಮ್ಮ ಮನೆಯಲ್ಲಿ ನಡುಕಕ್ಕಿಂತ ಹೆಚ್ಚು ಕಾಡಿದ್ದು ಮಲಬದ್ಧತೆ. ಎಷ್ಟೋ ಜನರಲ್ಲಿ ಅದು ನಡುಕಕ್ಕಿಂತ ವರ್ಷಗಟ್ಟಲೆ ಮೊದಲೇ ಶುರುವಾಗಿರುತ್ತದೆ. ಕರುಳಿನ ಗೋಡೆಯಲ್ಲಿ 10 ಕೋಟಿಗೂ ಹೆಚ್ಚು ನರಕೋಶಗಳಿವೆ. ಕಾಯಿಲೆ ಅವನ್ನೂ ಬಿಡುವುದಿಲ್ಲ, ಕರುಳಿನ ಚಲನೆ ನಿಧಾನವಾಗುತ್ತದೆ. ಹೊಟ್ಟೆ ಕಟ್ಟಿಕೊಂಡ ದಿನ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ, ಯಾರು ಮಾತಾಡಿಸಿದರೂ ಸಿಡುಕು. ಔಷಧಿ, ಸೊಪ್ಪು ತರಕಾರಿ, ನೀರು ಎಲ್ಲದರ ಜೊತೆ ಹೊಟ್ಟೆ ಮಸಾಜನ್ನೂ ಸೇರಿಸಿ ಎಂದು ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟರು.

ಬೆಳಿಗ್ಗೆ ಬರಿಹೊಟ್ಟೆಯಲ್ಲೇ ಮಾಡುತ್ತೇನೆ. ಅಪ್ಪ ಅಂಗಾತ ಮಲಗಿ, ಮಂಡಿ ಕೆಳಗೆ ದಿಂಬು ಇಟ್ಟುಕೊಂಡರೆ ಹೊಟ್ಟೆಯ ಬಿಗಿ ಸಡಿಲವಾಗುತ್ತದೆ. ಎಳ್ಳೆಣ್ಣೆಯ ಬಟ್ಟಲನ್ನು ಬಿಸಿನೀರಲ್ಲಿ ಇಟ್ಟು ಬೆಚ್ಚಗಾಗಿಸುತ್ತೇನೆ. ಮೊದಲು ಅಂಗೈಯನ್ನು ಹೊಕ್ಕುಳ ಮೇಲೆ ಸುಮ್ಮನೆ ಇಡುವುದು, ಅವರ ಉಸಿರು ನಿಧಾನವಾಗುವವರೆಗೆ. ಆತುರದಲ್ಲಿ ಒತ್ತಿದರೆ ಹೊಟ್ಟೆ ಇನ್ನೂ ಬಿಗಿಯುತ್ತದೆ.

ಆಮೇಲೆ ದೊಡ್ಡ ಕರುಳಿನ ದಾರಿ ಹಿಡಿಯಬೇಕು. ಅದು ಅವರ ಬಲಗಡೆ ಕೆಳಹೊಟ್ಟೆಯಿಂದ ಮೇಲೇರಿ, ಪಕ್ಕೆಲುಬಿನ ಕೆಳಗೆ ಅಡ್ಡ ಹಾದು, ಎಡಗಡೆ ಇಳಿಯುತ್ತದೆ. ನಾನು ಶುರು ಮಾಡುವುದು ಮಾತ್ರ ಎಡಗಡೆಯಿಂದ, ಮೇಲಿಂದ ಕೆಳಕ್ಕೆ. ಬಸ್ಸಿನ ಬಾಗಿಲ ಹತ್ತಿರ ನಿಂತವರು ಇಳಿಯದೆ ಹಿಂದಿನವರು ಹೇಗೆ ಇಳಿದಾರು? ಎಡಗಡೆ ಸಡಿಲವಾದ ಮೇಲೆ ಅಡ್ಡಕ್ಕೆ ನೀವಿ ಇಳಿಸುತ್ತೇನೆ, ಕೊನೆಗೆ ಬಲದಿಂದ ಪೂರ್ತಿ ಸುತ್ತು. ಕಟ್ಟಿಕೊಂಡ ದಿನ ಎಡ ಕೆಳಹೊಟ್ಟೆಯಲ್ಲಿ ಬೆರಳಿಗೆ ಗಟ್ಟಿ ಗಟ್ಟಿಯಾಗಿ ಸಿಗುತ್ತದೆ. ಅಲ್ಲಿ ಬೆರಳ ತುದಿಯಿಂದ ಚಿಕ್ಕ ಚಿಕ್ಕ ಸುತ್ತು. "ನೋಯ್ತಾ ಇದ್ಯಾ ಅಪ್ಪಾ?" ಅಂದರೆ, "ಇಲ್ಲ ಕಣೋ, ಅಲ್ಲೇ ಇನ್ನೊಂಚೂರು ಒತ್ತು" ಅನ್ನುತ್ತಾರೆ. ಹತ್ತು ಹದಿನೈದು ನಿಮಿಷ ಸಾಕು. ನಂತರ ಬಿಸಿನೀರು, ತಿಂಡಿ, ಸ್ವಲ್ಪ ಹೊತ್ತಿಗೆ ಕಾಲಡಿ ಚಿಕ್ಕ ಸ್ಟೂಲ್ ಇಟ್ಟು ಕಮೋಡಿನಲ್ಲಿ ಕೂರಿಸುವುದು. ಹೊಟ್ಟೆಗೆ ಏನಾದರೂ ಬಿದ್ದಾಗ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ, ಆ ಹೊತ್ತನ್ನು ಬಿಡಬಾರದು.

ಮೊದಲ ದಿನವೇ ಪವಾಡ ಆಗಲಿಲ್ಲ, ವಾರಗಳೇ ಹಿಡಿದವು. 2009ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ ಮಲಬದ್ಧತೆಯಿದ್ದ 60 ಜನರಲ್ಲಿ ಅರ್ಧದಷ್ಟು ಮಂದಿಗೆ 8 ವಾರ ಹೊಟ್ಟೆ ಮಸಾಜ್ ಕೊಟ್ಟರು. ಅವರ ತೊಂದರೆ ತಗ್ಗಿತು, ಆದರೆ ಮಲ ಸಡಿಲಿಸುವ ಔಷಧಿಯ ಬಳಕೆ ಕಡಿಮೆಯಾಗಲಿಲ್ಲ. ನಮ್ಮಲ್ಲೂ ಹಾಗೇ. ಔಷಧಿ ಮುಂದುವರಿದಿದೆ, ತಿಣುಕುವುದು ತಪ್ಪಿದೆ, ಹೊಟ್ಟೆಯುಬ್ಬರ ಇಳಿದಿದೆ.

ಮನಸ್ಸಿಗೆ ಆದ ಗುಣವೇ ನನಗೆ ದೊಡ್ಡದಾಗಿ ಕಾಣುತ್ತದೆ. ನಾನು ದೊಡ್ಡವನಾದ ಮೇಲೆ ಅಪ್ಪನನ್ನು ಮುಟ್ಟಿದ್ದೆಂದರೆ ಹಬ್ಬಕ್ಕೆ ಕಾಲಿಗೆ ಬಿದ್ದಾಗ ಮಾತ್ರ. ಈಗ ದಿನಾ ಕೈ ಹೊಟ್ಟೆ ಮೇಲಿರುತ್ತದೆ, ಬಿಗಿದ ಮುಖ ಸಡಿಲವಾಗುತ್ತದೆ, ಅಪ್ಪ ಮಾತಿಗಿಳಿಯುತ್ತಾರೆ. ಗದ್ದೆ ವ್ಯಾಜ್ಯದ ಕಥೆ, ಅಜ್ಜಿ ಅಪ್ಪನ ಹೊಟ್ಟೆಗೆ ಹರಳೆಣ್ಣೆ ಸವರುತ್ತಿದ್ದದ್ದು, ಎಲ್ಲ ನಾನು ಕೇಳಿದ್ದು ಈ ಹೊತ್ತಿನಲ್ಲೇ.

ಮಾಡುವವರು ಮೊದಲು ಡಾಕ್ಟರನ್ನು ಕೇಳಿ. ಬಸುರಿಯರು, ಹರ್ನಿಯಾ ಇರುವವರು, ಹೊಟ್ಟೆಯ ಆಪರೇಷನ್ ಆಗಿ ಹೆಚ್ಚು ದಿನ ಆಗದವರು ಕೇಳದೆ ಕೈ ಹಾಕಿಸಿಕೊಳ್ಳಲೇಬಾರದು. ತಟ್ಟನೆ ಜೋರು ಹೊಟ್ಟೆನೋವು, ಜ್ವರ, ವಾಂತಿ, ಮಲದಲ್ಲಿ ರಕ್ತ ಕಂಡರೆ ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟು ನೇರ ಆಸ್ಪತ್ರೆಗೆ ಹೋಗಿ.