ಬ್ರಿಟನ್‌ಗೆ ಸಾಗರ ವಿಜ್ಞಾನ, ಭೂವಿಜ್ಞಾನ ಓದಲು ಹೊರಟಿದ್ದೀರಾ? ಮೊದಲು ನಿಯಮದ ಪುಸ್ತಕ ತೆರೆಯಿರಿ

ಪಿಯುಸಿ ಮುಗಿಸಿ ಬ್ರಿಟನ್‌ಗೆ ಓಶನೋಗ್ರಫಿ ಅಥವಾ ಜಿಯಾಲಜಿ ಓದಲು ಹೋಗುವ ಮಕ್ಕಳು ನನ್ನ ಹತ್ತಿರ ರೂಮು, ಜಾಕೆಟ್, ಕುಕ್ಕರ್ ಬಗ್ಗೆ ಕೇಳುತ್ತಾರೆ. ಅಕಾಡೆಮಿಕ್ ರೆಗ್ಯುಲೇಶನ್ಸ್, ಅಂದರೆ ಓದು, ಪರೀಕ್ಷೆ, ಅಂಕದ ನಿಯಮಗಳ ಬಗ್ಗೆ ಯಾರೂ ಕೇಳುವುದಿಲ್ಲ. ನಾನು ಅಲ್ಲಿ ಓದುವಾಗ ನಾನೂ ಯಾರನ್ನೂ ಕೇಳಲಿಲ್ಲ. ಎರಡನೇ ವರ್ಷದಲ್ಲಿ ಒಂದು ವರದಿ ತಡವಾಗಿ ಕೊಟ್ಟು ಅಂಕ ಹೋದ ಮೇಲೆ ಆ ನಿಯಮಗಳ ಪಿಡಿಎಫ್ ತೆರೆದೆ. ಓದಿದಾಗ ಗೊತ್ತಾಯಿತು, ನನ್ನನ್ನು ಕಾಪಾಡುವ ನಿಯಮವೂ ಅದರಲ್ಲೇ ಇತ್ತು, ಅದನ್ನು ಬಳಸುವ ದಿನ ಮಾತ್ರ ದಾಟಿಹೋಗಿತ್ತು. ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಸೌತಾಂಪ್ಟನ್, ಲಿವರ್‌ಪೂಲ್, ಪ್ಲಿಮತ್, ವೇಲ್ಸ್‌ನ ಬ್ಯಾಂಗರ್, ಎಲ್ಲಿಗೇ ಹೋಗಿ, ಪ್ರತಿ ವಿಶ್ವವಿದ್ಯಾಲಯಕ್ಕೂ ತನ್ನದೇ ನಿಯಮ. ಹಾಗಾಗಿ ಸೀನಿಯರ್ ಹೇಳಿದ್ದು, ಬೇರೆ ಊರಿನ ಫ್ರೆಂಡ್ ಹೇಳಿದ್ದು, ಕಡೆಗೆ ನಾನು ಇಲ್ಲಿ ಹೇಳುವುದನ್ನೂ ನಿಮ್ಮ ಪುಸ್ತಕದ ಜೊತೆ ಹೋಲಿಸಿ ನೋಡಿ. ಮೂರು ಕಾಗದ ಬೇಕು. ಇಡೀ ವಿಶ್ವವಿದ್ಯಾಲಯದ ಸಾಮಾನ್ಯ ನಿಯಮಗಳು, ನಿಮ್ಮ ಪದವಿಯ ಪ್ರೋಗ್ರಾಂ ಸ್ಪೆಸಿಫಿಕೇಶನ್ ಅಂದರೆ ಇಡೀ ಪದವಿಯ ವಿವರ, ಆಮೇಲೆ ಒಂದೊಂದು ಮಾಡ್ಯೂಲ್‌ನ, ಅಂದರೆ ಒಂದೊಂದು ಪೇಪರ್‌ನ, ವಿವರ ಪುಟ. ಮೂರರ ಮೇಲೂ ಯಾವ ವರ್ಷದ್ದು ಅಂತ ನೋಡಿ, ಎಷ್ಟೋ ಕಡೆ ನೀವು ಸೇರಿದ ವರ್ಷದ ನಿಯಮವೇ ನಿಮಗೆ ಲಾಗು. ಮೂರನ್ನೂ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ವೆಬ್‌ಸೈಟಿನ ಪುಟ ಬದಲಾಗುತ್ತದೆ, ನಿಮ್ಮ ಪ್ರತಿ ಬದಲಾಗುವುದಿಲ್ಲ.

ಮೊದಲು ಕ್ರೆಡಿಟ್ ಲೆಕ್ಕ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವರ್ಷಕ್ಕೆ 120 ಕ್ರೆಡಿಟ್, ಮೂರು ವರ್ಷದ ಬಿಎಸ್‌ಸಿ ಆನರ್ಸ್‌ಗೆ 360, ಬಿಎಸ್‌ಸಿ, ಮಾಸ್ಟರ್ಸ್ ಒಟ್ಟಿಗೇ ಸೇರಿದ ನಾಲ್ಕು ವರ್ಷದ ಎಂಎಸ್‌ಸಿಐಗೆ 480. ಸ್ಕಾಟ್ಲೆಂಡ್‌ನಲ್ಲಿ ಆನರ್ಸ್ ಪದವಿಯೇ ನಾಲ್ಕು ವರ್ಷ. ಒಂದು ಕ್ರೆಡಿಟ್ ಅಂದರೆ ಸುಮಾರು 10 ಗಂಟೆ ಕೆಲಸ. ಅಂದರೆ 15 ಕ್ರೆಡಿಟ್‌ನ ಮಾಡ್ಯೂಲ್‌ಗೆ 150 ಗಂಟೆ. ಕ್ಲಾಸು, ಲ್ಯಾಬು, ನೀವೇ ಕೂತು ಓದುವುದು ಎಲ್ಲ ಸೇರಿ. ಟೈಮ್‌ಟೇಬಲ್‌ನಲ್ಲಿ ಕ್ಲಾಸು ಕಡಿಮೆ ಕಾಣಿಸಿತು ಅಂತ ಖುಷಿಪಡಬೇಡಿ, ಉಳಿದ ಗಂಟೆಗಳು ನಿಮ್ಮ ಲೆಕ್ಕದಲ್ಲೇ ಇವೆ.

ಅಂಕಗಳ ವಿಷಯ ನಮ್ಮವರಿಗೆ ನಿಜಕ್ಕೂ ಶಾಕ್. ಪಿಯುಸಿಯಲ್ಲಿ 95 ತೆಗೆದವರು ಮೊದಲ ಲ್ಯಾಬ್ ವರದಿಗೆ 62 ನೋಡಿ ರಾತ್ರಿ ಮನೆಗೆ ಫೋನ್ ಮಾಡಿ ಅಳುತ್ತಾರೆ. ಅಳಬೇಡಿ. ಅಲ್ಲಿ 70 ಬಂದರೆ ಫಸ್ಟ್ ಕ್ಲಾಸ್, 60ರಿಂದ ಮೇಲೆ ಅಪ್ಪರ್ ಸೆಕೆಂಡ್, 50ರಿಂದ ಲೋಯರ್ ಸೆಕೆಂಡ್, 40 ಪಾಸ್. 62 ಒಳ್ಳೆಯ ಅಂಕವೇ. ಅಪ್ಪ ಅಮ್ಮನಿಗೂ ಇದನ್ನು ಹೊರಡುವ ಮೊದಲೇ ಹೇಳಿಬಿಡಿ.

ಸಾಮಾನ್ಯವಾಗಿ ಮೊದಲ ವರ್ಷದ ಅಂಕ ಪದವಿಯ ದರ್ಜೆಗೆ ಸೇರುವುದಿಲ್ಲ, ಪಾಸಾದರೆ ಸಾಕು. ಎರಡನೇ ವರ್ಷ ಒಂದು ಪಾಲು, ಮೂರನೇ ವರ್ಷ ಎರಡು ಪಾಲು, ಇದು ತುಂಬಾ ಕಡೆ ಕಾಣುವ ಲೆಕ್ಕ. ಎರಡನೇ ವರ್ಷ 58, ಮೂರನೇ ವರ್ಷ 66 ಬಂತು ಅಂದುಕೊಳ್ಳಿ. 58ಕ್ಕೆ 66ನ್ನು ಎರಡು ಸಲ ಕೂಡಿಸಿ ಮೂರರಿಂದ ಭಾಗಿಸಿ. 63.3. ಅಪ್ಪರ್ ಸೆಕೆಂಡ್ ಸಿಕ್ಕಿತು, ಎರಡನೇ ವರ್ಷ 60 ಮುಟ್ಟದಿದ್ದರೂ. ಆದರೆ ಮೊದಲ ವರ್ಷ ಲೆಕ್ಕಕ್ಕಿಲ್ಲ ಅಂತ ಸುಮ್ನೆ ಕೂರಬೇಡಿ. ಬಿಎಸ್‌ಸಿಯಿಂದ ಎಂಎಸ್‌ಸಿಐಗೆ ಬದಲಾಗಲು, ಒಂದು ವರ್ಷ ಬೇರೆ ದೇಶದಲ್ಲಿ ಓದಲು ಸರಾಸರಿ ಅಂಕದ ಗೆರೆ ಇಟ್ಟಿರುತ್ತಾರೆ, ಅಲ್ಲಿ ಮೊದಲ ವರ್ಷದ್ದನ್ನೂ ನೋಡಬಹುದು.

ಈಗ ಮಾಡ್ಯೂಲ್ ಪುಟ ತೆರೆಯಿರಿ. ಪೆನ್ಸಿಲ್ ಹಿಡಿದು ಎರಡು ಕಡೆ ಗುರುತು ಹಾಕಿ. ಒಂದು, ಮಾಡ್ಯೂಲ್ ಕೋರ್ ಹೌದೋ ಅಲ್ಲವೋ. ಕೋರ್ ಅಂದರೆ ಪಾಸಾಗಲೇಬೇಕು. ಉಳಿದ ಕೆಲವು ಮಾಡ್ಯೂಲ್‌ಗಳಲ್ಲಿ ಸ್ವಲ್ಪ ಅಂಕ ಕಡಿಮೆ ಬಿದ್ದರೂ ವರ್ಷದ ಸರಾಸರಿ ಚೆನ್ನಾಗಿದ್ದರೆ ದಾಟಿಸುತ್ತಾರೆ, ಇದಕ್ಕೆ ಕಾಂಪೆನ್ಸೇಶನ್ ಅನ್ನುತ್ತಾರೆ, ಕೋರ್‌ಗೆ ಆ ಸೌಲಭ್ಯ ಇರುವುದಿಲ್ಲ. ನಮ್ಮ ವಿಷಯದಲ್ಲಿ ಫೀಲ್ಡ್ ಕೋರ್ಸ್, ಮ್ಯಾಪಿಂಗ್ (ಬಂಡೆಗಳ ನಕ್ಷೆ ಮಾಡುವುದು), ಕೊನೆಯ ವರ್ಷದ ಪ್ರಾಜೆಕ್ಟ್ ಸಾಮಾನ್ಯವಾಗಿ ಕೋರ್ ಆಗಿರುತ್ತವೆ. ಎರಡು, ಪ್ರತಿ ಭಾಗಕ್ಕೂ ಕನಿಷ್ಠ ಅಂಕ ಇದೆಯಾ. ಒಂದು ಲೆಕ್ಕ ನೋಡಿ. ಲ್ಯಾಬ್ ವರದಿಗೆ ಶೇಕಡಾ 30, ಫೀಲ್ಡ್ ನೋಟ್‌ಬುಕ್‌ಗೆ 20, ಪರೀಕ್ಷೆಗೆ 50. ನಿಮಗೆ ಬಂದದ್ದು 62, 70, 28. ಒಟ್ಟು 46.6, ಪಾಸ್ ಅಂತ ಅನ್ನಿಸುತ್ತದೆ. ಆದರೆ ಪರೀಕ್ಷೆಯಲ್ಲಿ ಕನಿಷ್ಠ 35 ಬೇಕು ಅಂತ ಒಂದು ಸಾಲು ಇದ್ದರೆ ನೀವು ಫೇಲ್.

ತಡವಾದರೆ ಏನಾಗುತ್ತದೆ ಅನ್ನುವುದನ್ನು ಬಾಯಿಪಾಠ ಮಾಡಿ. ಕೆಲವು ಕಡೆ ದಿನಕ್ಕೆ ನಿಮ್ಮ ಅಂಕದ ಹತ್ತನೇ ಒಂದು ಭಾಗ ಕಳೆಯುತ್ತಾರೆ, ಕೆಲವು ಕಡೆ ನೇರವಾಗಿ 10 ಅಂಕ ಕಳೆಯುತ್ತಾರೆ. ಕೇಳಲು ಒಂದೇ ಥರ ಇದೆ, ಅಲ್ವಾ? 44 ಅಂಕದ ವರದಿ ಒಂದು ದಿನ ತಡವಾದರೆ ಮೊದಲನೇ ಲೆಕ್ಕದಲ್ಲಿ 39.6, ಎರಡನೇ ಲೆಕ್ಕದಲ್ಲಿ 34. ಕೆಲವು ದಿನ ದಾಟಿದರೆ ಸೊನ್ನೆ. ಇನ್ನೊಂದು, ಡೆಡ್‌ಲೈನ್ ಬ್ರಿಟನ್ ಸಮಯಕ್ಕೆ. ಕ್ರಿಸ್‌ಮಸ್ ರಜೆಗೆ ಊರಿಗೆ ಬಂದಿದ್ದೀರಿ, ವರದಿ ಜನವರಿಯಲ್ಲಿ ಮಧ್ಯಾಹ್ನ 12ಕ್ಕೆ ಕೊಡಬೇಕು ಅಂದರೆ ಇಲ್ಲಿ ಸಂಜೆ 5:30. ಮಾರ್ಚ್ ಕೊನೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಆಗ ಅದೇ 12 ಗಂಟೆ ನಮ್ಮ 4:30. ಕರೆಂಟ್ ಹೋಯಿತು, ನೆಟ್ ಇರಲಿಲ್ಲ ಅನ್ನುವ ಕಾರಣ ಸಾಮಾನ್ಯವಾಗಿ ನಡೆಯುವುದಿಲ್ಲ. ಹಿಂದಿನ ದಿನವೇ ಅಪ್‌ಲೋಡ್ ಮಾಡಿ.

ಇನ್ನು ನಾನು ತುಂಬಾ ಒತ್ತಿ ಹೇಳಬೇಕಾದ ವಿಷಯ. ನಾವು ಪಿಯುಸಿಯಲ್ಲಿ ರೆಕಾರ್ಡ್ ಬುಕ್ ಹೇಗೆ ಬರೆಯುತ್ತಿದ್ದೆವು ನೆನಪಿದೆಯಾ? ಒಬ್ಬರ ರೆಕಾರ್ಡ್ ಇಡೀ ಬೆಂಚು ಸುತ್ತಿ ಬರುತ್ತಿತ್ತು. ಅದನ್ನು ಯಾರೂ ತಪ್ಪು ಅಂದುಕೊಳ್ಳುತ್ತಿರಲಿಲ್ಲ. ಅಲ್ಲಿ ಅದು ಕೊಲೂಶನ್, ಅಂದರೆ ಸೇರಿಕೊಂಡು ಮಾಡಿದ ಮೋಸ. ಸಾಗರ ವಿಜ್ಞಾನದಲ್ಲಿ ಇದು ಜಾಸ್ತಿ ಗೊಂದಲ ಮಾಡುತ್ತದೆ, ಯಾಕಂದರೆ ದೋಣಿಯಲ್ಲಿ ಎಂಟು ಜನ ಒಟ್ಟಿಗೆ ಕೆಲಸ ಮಾಡುತ್ತಾರೆ. ಸಿಟಿಡಿಯನ್ನು, ಅಂದರೆ ನೀರಿನ ವಾಹಕತೆ, ಉಷ್ಣತೆ, ಆಳ ಅಳೆಯುವ ಉಪಕರಣವನ್ನು, ಎಲ್ಲರೂ ಸೇರಿ ಕೆಳಗಿಳಿಸುತ್ತೀರಿ. ಒಬ್ಬರು ಕೇಬಲ್ ನೋಡುತ್ತಾರೆ, ಒಬ್ಬರು ಕೈ ಮರಗಟ್ಟುವ ಚಳಿಯಲ್ಲಿ ಸಮಯ ಬರೆಯುತ್ತಾರೆ, ಇನ್ನೊಬ್ಬರು ಬಾಟಲಿಗೆ ನೀರು ತುಂಬುತ್ತಾರೆ. ಅಂಕಿ ಎಲ್ಲರದ್ದು. ಗ್ರಾಫ್ ಮಾತ್ರ ನಿಮ್ಮದು. ನಮ್ಮ ಬ್ಯಾಚ್‌ನಲ್ಲಿ ಒಬ್ಬ ಹುಡುಗಿ ತನ್ನ ಉಪ್ಪಿನಂಶದ ಗ್ರಾಫ್ ಫೈಲನ್ನು ಜ್ವರದಲ್ಲಿದ್ದ ಗೆಳತಿಗೆ ಕಳಿಸಿದಳು, ನೋಡಿ ಕಲಿಯಲಿ ಅಂತ. ಗೆಳತಿ ಅದನ್ನೇ ಹಾಕಿದಳು. ಅಕ್ಷದ ಮೇಲಿನ ಒಂದು ಸ್ಪೆಲಿಂಗ್ ತಪ್ಪು ಎರಡರಲ್ಲೂ ಇತ್ತು. ವಿಚಾರಣೆಗೆ ಇಬ್ಬರನ್ನೂ ಕರೆದರು, ಕೊಟ್ಟವಳನ್ನೂ. ಸಹಾಯ ಮಾಡಬೇಕೆಂದರೆ ಪಕ್ಕದಲ್ಲಿ ಕೂತು ವಿವರಿಸಿ, ಫೈಲ್ ಕಳಿಸಬೇಡಿ. ಎಐ ಬಳಸುವ ನಿಯಮವನ್ನೂ ಪ್ರತಿ ಅಸೈನ್‌ಮೆಂಟ್‌ಗೆ ಬೇರೆ ಬೇರೆ ನೋಡಿಕೊಳ್ಳಿ.

ಫೀಲ್ಡ್ ನೋಟ್‌ಬುಕ್ ಕೂಡ ಹಾಗೆಯೇ. ಅದಕ್ಕೆ ಅಂಕ ಇದೆ ಅಂದರೆ ಬಂಡೆಯ ಮುಂದೆ ನಿಂತು ಬರೆದದ್ದಕ್ಕೆ ಅಂಕ. ಮಳೆಯಲ್ಲಿ ಇಂಕು ಹರಡುತ್ತದೆ, ಪೆನ್ಸಿಲ್ ಒಯ್ಯಿರಿ. ತಪ್ಪಾದರೆ ಒಂದು ಗೆರೆ ಹೊಡೆದು ಮುಂದೆ ಬರೆಯಿರಿ. ರಾತ್ರಿ ಹಾಸ್ಟೆಲ್‌ನಲ್ಲಿ ಕೂತು ಇಡೀ ಪುಟ ಅಂದವಾಗಿ ಮತ್ತೆ ಬರೆದರೆ ಅದು ಫೀಲ್ಡ್ ದಾಖಲೆ ಆಗುವುದಿಲ್ಲ. ಹೆಲ್ಮೆಟ್, ಬೂಟು, ಲೈಫ್ ಜಾಕೆಟ್ ನಿಯಮ ಮೀರಿದರೆ ಆ ದಿನ ವಾಪಸ್ ಕಳಿಸಬಹುದು, ಹಾಜರಿ ಹೋಗುತ್ತದೆ. ಆಸ್ತಮಾ, ಫಿಟ್ಸ್, ವಿಪರೀತ ಸಮುದ್ರ ವಾಂತಿ, ಏನಿದ್ದರೂ ಆರೋಗ್ಯದ ಫಾರ್ಮ್‌ನಲ್ಲಿ ಮುಚ್ಚಿಡಬೇಡಿ. ಮೊದಲೇ ಹೇಳಿದರೆ ಬದಲಿ ಕೆಲಸದ ವ್ಯವಸ್ಥೆ ಕೇಳಬಹುದು.

ಫೀಲ್ಡ್ ಕೋರ್ಸ್ ಸ್ಪೇನ್‌ನಲ್ಲೋ ಇಟಲಿಯಲ್ಲೋ ಇದ್ದರೆ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಬ್ರಿಟನ್ ವೀಸಾ ಅಲ್ಲಿ ನಡೆಯುವುದಿಲ್ಲ. ನಿಮ್ಮ ಕ್ಲಾಸಿನ ಬ್ರಿಟಿಷ್ ಹುಡುಗರಿಗೆ ಈ ಚಿಂತೆ ಇರುವುದಿಲ್ಲ, ಹಾಗಾಗಿ ಯಾರಾದರೂ ನೆನಪಿಸುತ್ತಾರೆ ಅಂತ ಕಾಯಬೇಡಿ. ವರ್ಷದ ಶುರುವಲ್ಲೇ ದಿನಾಂಕ ಕೇಳಿ, ಅಪಾಯಿಂಟ್‌ಮೆಂಟ್ ಹಿಡಿಯಿರಿ. ವೀಸಾ ಸಿಗದಿದ್ದರೆ ಬ್ರಿಟನ್ ಒಳಗೇ ಬದಲಿ ಫೀಲ್ಡ್ ಕೋರ್ಸ್ ಇದೆಯಾ ಅಂತ ಲಿಖಿತವಾಗಿ ಕೇಳಿ.

ಫೇಲಾದರೆ? ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಬ್ಯಾಕ್ ಲೆಕ್ಕ ಅಲ್ಲಿಗೆ ತಗೊಂಡು ಹೋಗಬೇಡಿ. ಮುಂದಿನ ವರ್ಷಕ್ಕೆ ಹೋಗಿ ಯಾವಾಗಲಾದರೂ ಬರೆಯುವ ದಾರಿ ಸಾಮಾನ್ಯವಾಗಿ ಇಲ್ಲ. ಆಗಸ್ಟ್ ಹೊತ್ತಿಗೆ ಮರುಪರೀಕ್ಷೆ ಇರುತ್ತದೆ, ಪಾಸಾದರೆ ಅಂಕವನ್ನು 40ಕ್ಕೆ ಮಿತಿ ಮಾಡುತ್ತಾರೆ, ನೀವು 75 ಬರೆದರೂ. ಆ ಮಿತಿ ಇಡೀ ಮಾಡ್ಯೂಲ್‌ಗೋ ಫೇಲಾದ ಭಾಗಕ್ಕೆ ಮಾತ್ರವೋ, ಅದನ್ನು ನೋಡಿ, ದೊಡ್ಡ ವ್ಯತ್ಯಾಸ ಇದೆ. ಆಗಲೂ ಆಗದಿದ್ದರೆ ವರ್ಷ ಮತ್ತೆ ಓದಬೇಕಾಗಬಹುದು. ಕ್ಲಾಸಿಗೆ ಬರದೆ ಬರೀ ಪರೀಕ್ಷೆ ಬರೆಯುವ ಆಯ್ಕೆ ತೆಗೆದುಕೊಂಡರೆ ಸ್ಟೂಡೆಂಟ್ ವೀಸಾಕ್ಕೆ ತೊಂದರೆ ಬರುತ್ತದೆ. ಸಹಿ ಹಾಕುವ ಮೊದಲು ವಿಶ್ವವಿದ್ಯಾಲಯದ ವೀಸಾ ಸಲಹೆಗಾರರನ್ನು ನೋಡಿ.

ಕಾಯಿಲೆ, ಮನೆಯಲ್ಲಿ ಸಾವು, ಮನಸ್ಸಿನ ಸಂಕಟ, ಇದಕ್ಕೆಲ್ಲ ಒಂದು ಅರ್ಜಿ ಇದೆ. ಕೆಲವು ಕಡೆ ಎಕ್ಸ್‌ಟೆನ್ಯುಯೇಟಿಂಗ್ ಸರ್ಕಮ್‌ಸ್ಟಾನ್ಸಸ್, ಕೆಲವು ಕಡೆ ಸ್ಪೆಷಲ್ ಕನ್ಸಿಡರೇಶನ್ಸ್ ಅಂತ ಹೆಸರು. ನಾನು ದಿನ ದಾಟಿಸಿದ ನಿಯಮ ಇದೇ. ಅಜ್ಜಿ ತೀರಿಕೊಂಡ ವಾರ ಅದು. ಅಂಥದ್ದಕ್ಕೂ ಒಂದು ಫಾರ್ಮ್ ಇರುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ, ನಾಚಿಕೆಯಿಂದ ಯಾರಿಗೂ ಹೇಳಲೂ ಇಲ್ಲ. ಫಲಿತಾಂಶ ಬಂದ ಮೇಲೆ ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳುತ್ತಾರೆ. ಆ ವಾರವೇ ಅರ್ಜಿ ಹಾಕಿ, ಊರಿನ ಕಾಗದ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಜೊತೆಗಿಡಿ. ಕಾಗದ ಬರುವುದು ತಡವಾದರೆ ಅರ್ಜಿ ಮೊದಲು ಹಾಕಿ, ಕಾಗದ ಆಮೇಲೆ ಕೊಡುತ್ತೇನೆ ಅಂತ ಬರೆಯಿರಿ.

ಕೊನೆಗೆ ಅಪೀಲು. ನನಗೆ 58 ಕೊಟ್ಟಿದ್ದಾರೆ, 62 ಕೊಡಬೇಕಿತ್ತು ಅಂತ ಅಪೀಲು ಮಾಡಲಾಗದು, ಅದು ಅವರ ಶೈಕ್ಷಣಿಕ ತೀರ್ಮಾನ. ಅಂಕ ಕೂಡಿಸಿದ್ದು ತಪ್ಪು, ನಿಯಮದಂತೆ ನಡೆಯಲಿಲ್ಲ, ಮೊದಲು ಕೊಡಲಾಗದ ಪುರಾವೆ ಈಗ ಸಿಕ್ಕಿದೆ, ಇಂಥವು ನಡೆಯುತ್ತವೆ. ಸಮಯ ತುಂಬಾ ಕಡಿಮೆ, ಫಲಿತಾಂಶದ ದಿನವೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ವಿದ್ಯಾರ್ಥಿ ಸಂಘದ ಸಲಹಾ ಕೇಂದ್ರದವರು ಪತ್ರ ಬರೆಯಲು ಉಚಿತವಾಗಿ ಸಹಾಯ ಮಾಡುತ್ತಾರೆ. ಒಳಗಿನ ದಾರಿ ಎಲ್ಲ ಮುಗಿದರೆ ವಿಶ್ವವಿದ್ಯಾಲಯ ಕಂಪ್ಲೀಶನ್ ಆಫ್ ಪ್ರೊಸೀಜರ್ಸ್ ಅನ್ನುವ ಪತ್ರ ಕೊಡುತ್ತದೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಆ ಪತ್ರದ ದಿನಾಂಕದಿಂದ 12 ತಿಂಗಳ ಒಳಗೆ ಓಐಎ (ಆಫೀಸ್ ಆಫ್ ದಿ ಇಂಡಿಪೆಂಡೆಂಟ್ ಅಡ್ಜುಡಿಕೇಟರ್) ಎಂಬ ಸ್ವತಂತ್ರ ಸಂಸ್ಥೆಗೆ ದೂರು ಕೊಡಬಹುದು. ದೂರು ಕೊಡಲು ವಿದ್ಯಾರ್ಥಿಗೆ ಶುಲ್ಕ ಇಲ್ಲ, ಮಂಗಳೂರಿನಲ್ಲಿ ಮನೆಯಲ್ಲಿ ಕೂತೇ ಕಳಿಸಬಹುದು.